ಗ್ರಾಮಚಾಕರಿಯ ರದ್ದತಿ ಮತ್ತು ದುಡಿಮೆಯ ಪಲ್ಲಟ: ಉಡಿಗಾಲ ಸೀಮೆ

ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾದುದು 1947ರ ಅಕ್ಟೋಬರಿನಲ್ಲಿ. ರಾಜಧಾನಿಯಲ್ಲಿ ಕೆಲವೇ ವಾರಗಳಲ್ಲಿ ನಡೆದುಹೋದ ಈ ಪಲ್ಲಟ ಹಳ್ಳಿಯ ಚಾಕರಿಯನ್ನು ಮುಟ್ಟಲು ಒಂದೂವರೆ ದಶಕ ಹಿಡಿಯಿತು. ಅಂದು ಮೈಸೂರು ಜಿಲ್ಲೆಗೆ ಸೇರಿದ್ದ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಉಡಿಗಾಲದಂತಹ ಊರುಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಹಳೆಯ ವ್ಯವಸ್ಥೆಯಲ್ಲಿ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಇವೆಲ್ಲ ವಂಶಪಾರಂಪರ್ಯದ ಹುದ್ದೆಗಳು. ಲೆಕ್ಕ ಶಾನುಭೋಗನದು, ಕಾವಲು ತಳವಾರನದು, ಕೆರೆಯ ತೂಬು ನೀರುಗಂಟಿಯದು. ತಮಟೆ ಸಾರುವ, ಕಂದಾಯಕ್ಕೆ ರೈತರನ್ನು ಕರೆತರುವ ತೋಟಿ ಚಾಕರಿ ಹೆಚ್ಚಾಗಿ ದಲಿತ ಮನೆತನಗಳ ಪಾಲಿನದು. ಪ್ರತಿಫಲವಾಗಿ ಇನಾಂ ಜಮೀನು, ಸುಗ್ಗಿಯ ಕಣದಲ್ಲಿ ಆಯ. ಇಲ್ಲಿ ನಿರುದ್ಯೋಗವೆಂಬ ಮಾತಿಗೆ ಆಸ್ಪದವಿರಲಿಲ್ಲ. ಕೆಲಸ ಬಿಡುವ ಸ್ವಾತಂತ್ರ್ಯವೂ ಇರಲಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಹುದ್ದೆಗಳು ಅಳಿದವು, ಇನಾಂ ಜಮೀನು ಸರ್ಕಾರಕ್ಕೆ ಸೇರಿ, ಹುದ್ದೆದಾರರಿಗೆ ಹಣ ಕಟ್ಟಿಸಿಕೊಂಡು ಮರುಮಂಜೂರಾಗತೊಡಗಿತು. ಶಾನುಭೋಗನ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದ. ಅಕ್ಷರ ಬಲ್ಲ ಮನೆತನಗಳಿಗೆ ಬೇರೆ ನೌಕರಿಯ ದಾರಿಯಿತ್ತು. ಅಕ್ಷರವಿಲ್ಲದ ತೋಟಿಗೆ ಉಳಿದದ್ದು ತುಂಡು ಭೂಮಿ ಮಾತ್ರ. ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಬಾರದೆಂದು 1978ರಲ್ಲಿ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಆ ಭೂಮಿ ಹೇಗೆ ಕೈಬಿಡುತ್ತಿತ್ತೆಂಬುದಕ್ಕೆ ಈ ತಿದ್ದುಪಡಿಯೇ ಸಾಕ್ಷಿ.

ಕಣದ ಆಯ ಕಾಯ್ದೆಯದಲ್ಲ, ರೂಢಿಯದು. ಹುದ್ದೆ ಹೋದ ಮೇಲೆ ಆಯ ಕೊಡುವ ಹೊಣೆ ಸಡಿಲವಾಯಿತು. ತಮಟೆ ಬಡಿಯಬೇಕು, ಸತ್ತ ದನ ಸಾಗಿಸಬೇಕು ಎಂಬ ಊರಿನ ನಿರೀಕ್ಷೆ ಮಾತ್ರ ಅಷ್ಟು ಬೇಗ ಸಡಿಲವಾಗಲಿಲ್ಲ. 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ ಸಾಲದ ದುಡಿಮೆಯನ್ನು ನಿಷೇಧಿಸಿತು. ಆದರೂ ಕೂಲಿಯನ್ನು ಅರಸಿ ಕೊಡಗಿನ ಕಾಫಿ ತೋಟಗಳಿಗೂ ಕೇರಳಕ್ಕೂ ಹೋಗುವುದು ಈ ಭಾಗದ ಬಡವರಿಗೆ ಅನಿವಾರ್ಯವಾಯಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿಸಿದ 2005ರ ಉದ್ಯೋಗ ಖಾತರಿ ಕಾಯ್ದೆ 2008ರ ವೇಳೆಗೆ ದೇಶದ ಎಲ್ಲ ಗ್ರಾಮೀಣ ಪ್ರದೇಶಗಳನ್ನೂ ತಲುಪಿತು.

ಈ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡುವ ಪ್ರಸಂಗವಿದೆ. ಕಸುಬುಳ್ಳವನ ಬಾಗಿಲಿಗೆ ದೇವರಗುಡ್ಡನೂ ಹೋಗಬೇಕು. ಕಸುಬಿಗೂ ಚಾಕರಿಗೂ ಇರುವ ಅಂತರವನ್ನು ಜನಪದರು ಬಲ್ಲರು. ಕಮ್ಮಾರ ತನ್ನ ಕಸುಬನ್ನು ಪೇಟೆಗೂ ಒಯ್ಯಬಲ್ಲ. ತೋಟಿಯ ಚಾಕರಿಗೆ ತನ್ನ ಊರಿನ ಗಡಿಯಾಚೆ ಬೆಲೆಯಿಲ್ಲ. ಬಿಡುಗಡೆಯೂ ನಿರುದ್ಯೋಗವೂ ಅವನ ಮನೆಗೆ ಒಟ್ಟಿಗೇ ಬಂದವು. ಸ್ವಾತಂತ್ರ್ಯೋತ್ತರ ಗ್ರಾಮಚರಿತ್ರೆಯನ್ನು ಬರೆಯುವವರು ಇವೆರಡನ್ನೂ ಕೂಡಿಸಿಯೇ ಲೆಕ್ಕ ಹಿಡಿಯಬೇಕಾಗಿದೆ.