ಸಂತ ಮಾರ್ಕನ ಗಂಟೆಗೋಪುರ, ವೆನಿಸ್

ಸಂತ ಮಾರ್ಕನ ಗಂಟೆಗೋಪುರವು ಇಟಲಿಯ ವೆನಿಸ್ ನಗರದ ಸಂತ ಮಾರ್ಕ ಚೌಕದಲ್ಲಿರುವ ಇಟ್ಟಿಗೆಯ ಗೋಪುರ. ಚೌಕದ ಪೂರ್ವದಂಚಿನಲ್ಲಿರುವ ಸಂತ ಮಾರ್ಕ ಬೆಸಿಲಿಕಾದ ಗಂಟೆಗಳು ಇದರಲ್ಲಿವೆ. 98.6 ಮೀಟರ್ ಎತ್ತರದ ಈ ಗೋಪುರವು ಆ ನಗರದ ಅತ್ಯಂತ ಎತ್ತರದ ಕಟ್ಟಡವಾಗಿದೆ. ಮೂಲ ಗೋಪುರದ ನಿರ್ಮಾಣವು 10ನೆಯ ಶತಮಾನದ ಆರಂಭದಲ್ಲಿ ತೊಡಗಿ, ಹಲವು ಹಂತಗಳನ್ನು ದಾಟಿ, 1513ರಲ್ಲಿ ಈಗ ಪರಿಚಿತವಾಗಿರುವ ರೂಪವನ್ನು ಪಡೆಯಿತು. ಆದರೆ ಇಂದು ಪ್ರವಾಸಿಗರು ಕಾಣುವುದು ಆ ಗೋಪುರವನ್ನಲ್ಲ. ಮೂಲ ಗೋಪುರವು 1902ರ ಜುಲೈ 14ರಂದು ಸಂಪೂರ್ಣವಾಗಿ ಕುಸಿದುಬಿದ್ದಿತು. ಅದೇ ಸ್ಥಳದಲ್ಲಿ, ಹೊರಗಣ್ಣಿಗೆ ಅದೇ ರೂಪದಲ್ಲಿ ಕಟ್ಟಿದ ಹೊಸ ಗೋಪುರವು 1912ರ ಏಪ್ರಿಲ್ 25ರಂದು ಉದ್ಘಾಟನೆಗೊಂಡಿತು. ಹೀಗಾಗಿ ಗಂಟೆಗೋಪುರಗಳ ಇತಿಹಾಸದಲ್ಲಿ ಮಾತ್ರವಲ್ಲದೆ, ಪ್ರಾಚೀನ ಕಟ್ಟಡಗಳ ಸಂರಕ್ಷಣೆಯ ಚರ್ಚೆಯಲ್ಲಿಯೂ ಇದಕ್ಕೆ ವಿಶೇಷ ಸ್ಥಾನವಿದೆ.

ಹೆಸರು ಮತ್ತು ಹಿನ್ನೆಲೆ

ಇಟಾಲಿಯನ್ ಭಾಷೆಯಲ್ಲಿ ಗಂಟೆಗೆ 'ಕಂಪಾನ' ಎಂದೂ ಗಂಟೆಗೋಪುರಕ್ಕೆ 'ಕಂಪನೀಲೆ' ಎಂದೂ ಹೆಸರು. ಉತ್ತರ ಯುರೋಪಿನಲ್ಲಿ ಗಂಟೆಗೋಪುರವು ಸಾಮಾನ್ಯವಾಗಿ ಚರ್ಚಿನ ಕಟ್ಟಡದ ಒಂದು ಭಾಗವಾಗಿರುತ್ತದೆ. ಇಟಲಿಯಲ್ಲಾದರೋ ಅದನ್ನು ಚರ್ಚಿನಿಂದ ಬೇರೆಯಾಗಿ, ಪಕ್ಕದಲ್ಲಿ ಸ್ವತಂತ್ರವಾಗಿ ನಿಲ್ಲಿಸುವ ಪದ್ಧತಿ ಹೆಚ್ಚಾಗಿ ಕಂಡುಬರುತ್ತದೆ. ಪೀಸಾದ ವಾಲುಗೋಪುರ ಮತ್ತು ಫ್ಲಾರೆನ್ಸ್ ನಗರದಲ್ಲಿ 1334ರಲ್ಲಿ ಜೊತ್ತೊ ಆರಂಭಿಸಿದ ಗೋಪುರ ಇದಕ್ಕೆ ಪ್ರಸಿದ್ಧ ಉದಾಹರಣೆಗಳು.

ಬೇರೆಯಾಗಿ ಕಟ್ಟುವುದರಿಂದ ಪ್ರಾಯೋಗಿಕವಾದ ಅನುಕೂಲವೂ ಇದೆ. ಎತ್ತರದ ಗೋಪುರವು ಚಿಕ್ಕ ಜಾಗದ ಮೇಲೆ ದೊಡ್ಡ ಭಾರವನ್ನು ಹೊರಿಸುತ್ತದೆ. ಮೆತ್ತನೆಯ ನೆಲದಲ್ಲಿ ಅದು ಪಕ್ಕದ ಕಟ್ಟಡಕ್ಕಿಂತ ಹೆಚ್ಚು ಕುಸಿಯುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದರೆ ನಡುವೆ ಬಿರುಕು ಬಿಡುವುದು ಸಹಜ. ಅಲ್ಲದೆ, ತೂಗಾಡುವ ದೊಡ್ಡ ಗಂಟೆಗಳು ಗೋಡೆಗಳನ್ನು ಅಕ್ಕಪಕ್ಕಕ್ಕೆ ತಳ್ಳುತ್ತವೆ. ಸ್ವತಂತ್ರ ಗೋಪುರವಾದರೆ ಆ ಕಂಪನವು ಚರ್ಚಿನ ಗೋಡೆಗಳನ್ನು ನೇರವಾಗಿ ತಟ್ಟುವುದಿಲ್ಲ.

ಇತಿಹಾಸ

ವೆನಿಸ್ ಕಡಲ ಹಿನ್ನೀರಿನ ನಡುವೆ ಬೆಳೆದ ನಗರ. ಅಲ್ಲಿ ಎತ್ತರದ ಗೋಪುರವು ಗಂಟೆ ಬಾರಿಸುವುದಕ್ಕೆ ಮಾತ್ರವಲ್ಲದೆ, ಶತ್ರುಗಳ ಹಡಗುಗಳನ್ನು ದೂರದಿಂದಲೇ ಗುರುತಿಸುವುದಕ್ಕೂ ಹಿಂದಿರುಗುವ ತಮ್ಮ ಹಡಗುಗಳಿಗೆ ದಿಕ್ಕು ತೋರಿಸುವುದಕ್ಕೂ ಬೇಕಾಗಿತ್ತು. 10ನೆಯ ಶತಮಾನದಲ್ಲಿ ಆರಂಭವಾದ ಗೋಪುರಕ್ಕೆ 12ನೆಯ ಶತಮಾನದಲ್ಲಿ ಗಂಟೆಮನೆ ಸೇರಿತು. ಮುಂದೆ ಅದರ ಮೇಲೆ ಮರದ ಶಿಖರವನ್ನು ನಿಲ್ಲಿಸಲಾಯಿತು.

ಸುತ್ತಮುತ್ತ ಇದಕ್ಕಿಂತ ಎತ್ತರವಾದುದು ಯಾವುದೂ ಇಲ್ಲದ ಕಾರಣ ಗೋಪುರವು ಪದೇ ಪದೇ ಸಿಡಿಲಿಗೆ ಗುರಿಯಾಯಿತು. 1489ರಲ್ಲಿ ಬಡಿದ ಸಿಡಿಲಿನಿಂದ ಮರದ ಶಿಖರವು ಸುಟ್ಟುಹೋಯಿತು. ಅದನ್ನು ಕಲ್ಲು ಮತ್ತು ಇಟ್ಟಿಗೆಯಲ್ಲಿ ಮರಳಿ ಕಟ್ಟುವ ಯೋಚನೆ ಇದ್ದರೂ ಯುದ್ಧಗಳ ಕಾರಣದಿಂದ ಕೆಲಸ ಮುಂದುವರಿಯಲಿಲ್ಲ. 1511ರ ಮಾರ್ಚ್ ತಿಂಗಳಲ್ಲಿ ಸಂಭವಿಸಿದ ಭೂಕಂಪವು ಗೋಪುರವನ್ನು ಮತ್ತಷ್ಟು ದುರ್ಬಲಗೊಳಿಸಿದಾಗ ದುರಸ್ತಿ ಅನಿವಾರ್ಯವಾಯಿತು. ಬಾರ್ತೊಲೊಮೆಯೊ ಬೋನ್ ಎಂಬ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಹೊಸ ಗಂಟೆಮನೆ ಮತ್ತು ಶಿಖರ ಪೂರ್ಣಗೊಂಡು, 1513ರ ಜುಲೈ 6ರಂದು ತುದಿಯಲ್ಲಿ ದೇವದೂತ ಗೇಬ್ರಿಯಲ್‌ನ ಪ್ರತಿಮೆಯನ್ನು ಸ್ಥಾಪಿಸಲಾಯಿತು.

ಆ ಮೇಲೂ ಸಿಡಿಲಿನ ಕಾಟ ತಪ್ಪಲಿಲ್ಲ. 1745ರಲ್ಲಿ ಬಡಿದ ಸಿಡಿಲು ಗೋಡೆಯನ್ನು ಬಿರುಕುಗೊಳಿಸಿತು. ಕೆಳಗೆ ಬಿದ್ದ ಇಟ್ಟಿಗೆ ಕಲ್ಲುಗಳಿಂದ ಸಾವುನೋವುಗಳೂ ಉಂಟಾದವು. ಕೊನೆಗೆ 1776ರಲ್ಲಿ ಗೋಪುರಕ್ಕೆ ಮಿಂಚುವಾಹಕವನ್ನು ಅಳವಡಿಸಲಾಯಿತು.

ವಾಸ್ತುಶಿಲ್ಪ

ಗೋಪುರವನ್ನು ಕೆಳಗಿನಿಂದ ಮೇಲಕ್ಕೆ ನಾಲ್ಕು ಭಾಗಗಳಾಗಿ ಗುರುತಿಸಬಹುದು.

ಮೊದಲನೆಯದು ಕಾಂಡ. ಸುಮಾರು 12 ಮೀಟರ್ ಬದಿಯ ಚೌಕಾಕಾರದ ತಳದಿಂದ ಮೇಲೇಳುವ ಇದು ಸುಮಾರು 50 ಮೀಟರ್ ಎತ್ತರದವರೆಗೆ ಬಹುಮಟ್ಟಿಗೆ ಸರಳವಾದ ಕೆಂಪು ಇಟ್ಟಿಗೆಯ ಗೋಡೆ. ಗೋಡೆಯಿಂದ ಸ್ವಲ್ಪವೇ ಹೊರಚಾಚಿದ ಲಂಬ ಪಟ್ಟಿಗಳು ಕೆಳಗಿನಿಂದ ಮೇಲಿನವರೆಗೆ ಸಾಗಿ, ತುದಿಯಲ್ಲಿ ಕಮಾನುಗಳಿಂದ ಕೂಡಿಕೊಳ್ಳುತ್ತವೆ. ಬೇರೆ ಅಲಂಕಾರವಿಲ್ಲ. ಈ ಲಂಬ ರೇಖೆಗಳಿಂದಾಗಿಯೇ ಗೋಪುರವು ತನ್ನ ನಿಜವಾದ ಎತ್ತರಕ್ಕಿಂತಲೂ ಎತ್ತರವಾಗಿರುವಂತೆ ಭಾಸವಾಗುತ್ತದೆ. ಒಳಗೆ ಒಂದರೊಳಗೊಂದಾಗಿ ಎರಡು ಗೋಡೆಗಳಿದ್ದು, ಅವುಗಳ ನಡುವೆ ಮೇಲಕ್ಕೆ ಹತ್ತಲು ಮೆಟ್ಟಿಲುಗಳ ಬದಲು ಇಳಿಜಾರು ದಾರಿಯನ್ನು ರಚಿಸಲಾಗಿತ್ತು. 15ನೆಯ ಶತಮಾನದಲ್ಲಿ ಚಕ್ರವರ್ತಿ ಮೂರನೆಯ ಫ್ರೆಡೆರಿಕ್ ಕುದುರೆಯ ಮೇಲೆಯೇ ಕುಳಿತು ಈ ದಾರಿಯಲ್ಲಿ ಮೇಲೇರಿದನೆಂಬ ಪ್ರತೀತಿ ಇದೆ.

ಎರಡನೆಯದು ಗಂಟೆಮನೆ. ಇದನ್ನು ಇಸ್ಟ್ರಿಯಾ ಪ್ರದೇಶದ ಬಿಳಿಯ ಕಲ್ಲಿನಿಂದ ಕಟ್ಟಲಾಗಿದ್ದು, ಪ್ರತಿ ಬದಿಯಲ್ಲಿಯೂ ನಾಲ್ಕು ತೆರೆದ ಕಮಾನುಗಳಿವೆ. ಗಂಟೆಯ ನಾದವು ಎಲ್ಲ ದಿಕ್ಕುಗಳಿಗೂ ತಡೆಯಿಲ್ಲದೆ ಹರಡಬೇಕಾದುದರಿಂದ ಗಂಟೆಗೋಪುರಗಳ ಈ ಭಾಗವನ್ನು ತೆರೆದಿರುವಂತೆ ಕಟ್ಟುವುದು ವಾಡಿಕೆ.

ಮೂರನೆಯದು ಗಂಟೆಮನೆಯ ಮೇಲಿರುವ ಘನಾಕೃತಿಯ ಭಾಗ. ಇದರ ಎರಡು ಎದುರು ಬದುರು ಮುಖಗಳಲ್ಲಿ ಸಂತ ಮಾರ್ಕನ ಲಾಂಛನವಾದ ಸಿಂಹವನ್ನೂ ಉಳಿದ ಎರಡರಲ್ಲಿ ನ್ಯಾಯದೇವತೆಯ ರೂಪದಲ್ಲಿ ವೆನಿಸ್ ನಗರವನ್ನೂ ಕೆತ್ತಲಾಗಿದೆ. ನಾಲ್ಕನೆಯದು ಹಸಿರು ಬಣ್ಣದ ಪಿರಮಿಡ್ ಆಕಾರದ ಶಿಖರ. ಅದರ ತುದಿಯಲ್ಲಿರುವ ಗೇಬ್ರಿಯಲ್‌ನ ಹೊನ್ನಿನ ಬಣ್ಣದ ಪ್ರತಿಮೆಯು ಗಾಳಿ ಬೀಸಿದತ್ತ ತಿರುಗುವ ಗಾಳಿಸೂಚಕವೂ ಹೌದು.

ಗೋಪುರದ ಬುಡದಲ್ಲಿ ಬೆಸಿಲಿಕಾದ ಕಡೆಗೆ ಮುಖಮಾಡಿ 'ಲೊಜೆತ್ತಾ' ಎಂಬ ಚಿಕ್ಕ ಮಂಟಪವಿದೆ. 16ನೆಯ ಶತಮಾನದಲ್ಲಿ ಯಾಕೊಪೊ ಸಾನ್ಸೊವಿನೊ ರಚಿಸಿದ ಇದು ಅಮೃತಶಿಲೆಯ ಕೆಲಸಕ್ಕೂ ಕಂಚಿನ ಪ್ರತಿಮೆಗಳಿಗೂ ಹೆಸರಾಗಿದೆ. ಮುಂದೆ ಗೋಪುರದ ಪತನದ ಕಥೆಯಲ್ಲಿಯೂ ಈ ಮಂಟಪ ಬರುತ್ತದೆ.

ಗಂಟೆಗಳು

ಗೋಪುರದಲ್ಲಿ ಐದು ಗಂಟೆಗಳಿವೆ. ವೆನಿಸ್ ಗಣರಾಜ್ಯದ ಕಾಲದಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಕೆಲಸವಿತ್ತು. ನಾದವನ್ನು ಕೇಳಿಯೇ ನಗರದ ಜನ ವಿಷಯವೇನೆಂದು ತಿಳಿಯುತ್ತಿದ್ದರು.

ಮರಂಗೋನಾ: ಐದರಲ್ಲಿ ಅತ್ಯಂತ ದೊಡ್ಡದು. ವೆನಿಸ್ಸಿನ ಆಡುಮಾತಿನಲ್ಲಿ ಬಡಗಿಗಳಿಗಿರುವ ಹೆಸರಿನಿಂದ ಇದಕ್ಕೆ ಈ ಹೆಸರು ಬಂದಿತು. ಕೆಲಸಗಾರರ ದುಡಿಮೆಯ ಆರಂಭ ಮತ್ತು ಮುಕ್ತಾಯವನ್ನು ಸಾರುತ್ತಿತ್ತು. ಮಹಾಸಭೆಯ ಅಧಿವೇಶನವನ್ನೂ ತಿಳಿಸುತ್ತಿತ್ತು.

ತ್ರೊತ್ತಿಯೇರಾ: ಸಭೆಗೆ ತಡವಾಗುತ್ತಿದೆ ಎಂದು ಗಣ್ಯರನ್ನು ಎಚ್ಚರಿಸುತ್ತಿತ್ತು. ಇದನ್ನು ಕೇಳಿದೊಡನೆ ಅವರು ತಮ್ಮ ಸವಾರಿಯ ವೇಗವನ್ನು ಹೆಚ್ಚಿಸಬೇಕಾಗಿತ್ತು.

ನೋನಾ: ಹಗಲಿನ ನಿರ್ದಿಷ್ಟ ಹೊತ್ತನ್ನು ಸೂಚಿಸುವ ಗಂಟೆ.

ಮೆದ್ಜಾ ತೆರ್ಜಾ: ಸೆನೆಟ್ ಸಭೆ ಸೇರುವುದನ್ನು ತಿಳಿಸುವ ಗಂಟೆ. ಇದಕ್ಕೆ 'ಪ್ರೆಗಾದಿ' ಎಂಬ ಹೆಸರೂ ಇದೆ.

ಮಾಲೆಫಿಚಿಯೊ: ಐದರಲ್ಲಿ ಚಿಕ್ಕದು. ಮರಣದಂಡನೆಯ ಸಮಯದಲ್ಲಿ ಬಾರಿಸುತ್ತಿದ್ದ ಗಂಟೆ.

ಜನಜೀವನದಲ್ಲಿ ಗೋಪುರ

1609ರ ಆಗಸ್ಟ್ 21ರಂದು ಗೆಲಿಲಿಯೊ ತಾನು ಸಿದ್ಧಪಡಿಸಿದ ದೂರದರ್ಶಕವನ್ನು ವೆನಿಸ್ಸಿನ ಗಣ್ಯರಿಗೆ ಈ ಗೋಪುರದ ಮೇಲಿನಿಂದ ತೋರಿಸಿದನು. ಅವರ ಕುತೂಹಲ ಆಕಾಶಕಾಯಗಳತ್ತ ಇರಲಿಲ್ಲ. ಬರಿಗಣ್ಣಿಗೆ ಕಾಣದಷ್ಟು ದೂರದಲ್ಲಿರುವ ಹಡಗುಗಳನ್ನು ಮೊದಲೇ ನೋಡಬಹುದೆಂಬ ಅಂಶವೇ ಆ ನೌಕಾಬಲದ ರಾಜ್ಯಕ್ಕೆ ಮುಖ್ಯವಾಗಿತ್ತು. ಉತ್ಸವದ ದಿನಗಳಲ್ಲಿ ಗಂಟೆಮನೆಯವರೆಗೆ ಹಗ್ಗವನ್ನು ಕಟ್ಟಿ ಅದರ ಮೇಲೆ ದೊಂಬರಾಟ ನಡೆಸುವ ಪದ್ಧತಿಯೂ ಇತ್ತು. ಇದರ ಇನ್ನೊಂದು ಮುಖವೂ ಉಂಟು: ಹಿಂದೆ ಗಂಭೀರ ಅಪರಾಧವೆಸಗಿದ ಪಾದ್ರಿಗಳನ್ನು ಪಂಜರದಲ್ಲಿಟ್ಟು ಗೋಪುರದ ಗೋಡೆಗೆ ತೂಗುಹಾಕುವ ಶಿಕ್ಷೆ ಜಾರಿಯಲ್ಲಿತ್ತು.

1902ರ ಕುಸಿತ

1902ರ ಜುಲೈ ತಿಂಗಳ ಆರಂಭದಲ್ಲಿ ಲೊಜೆತ್ತಾದ ಛಾವಣಿಯ ದುರಸ್ತಿ ನಡೆಯುತ್ತಿತ್ತು. ಛಾವಣಿಯು ಗೋಪುರಕ್ಕೆ ಆತುಕೊಂಡಿದ್ದ ಕಡೆ ತೊಲೆಯನ್ನು ತೆಗೆಯಲು ಗೋಪುರದ ಗೋಡೆಯನ್ನು ಕೊರೆಯಲಾಯಿತು. ಕೆಲವೇ ದಿನಗಳಲ್ಲಿ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡಿತು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಕೂಡಿಸಲಾಯಿತು. ಗೋಡೆ ಸ್ವಲ್ಪ ಅಲುಗಿದರೂ ಗಾಜು ಒಡೆಯುತ್ತದೆ ಎಂಬುದು ಇದರ ತತ್ತ್ವ. ಪಟ್ಟಿಗಳು ಒಡೆದವು. ಬಿರುಕು ಮೇಲಕ್ಕೆ ಹಬ್ಬುತ್ತಾ ಹೋಯಿತು. ಕಂಪನದಿಂದ ಅಪಾಯವಾದೀತೆಂದು ಗಂಟೆ ಬಾರಿಸುವುದನ್ನೂ ಚೌಕದಲ್ಲಿ ವಾದ್ಯಗೋಷ್ಠಿ ನಡೆಸುವುದನ್ನೂ ನಿಲ್ಲಿಸಿ, ಜನರನ್ನು ದೂರ ಇರಿಸಲಾಯಿತು.

ಜುಲೈ 14ರ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕೆಲವು ನಿಮಿಷಗಳಿರುವಾಗ ಗೋಪುರವು ಕುಸಿಯಿತು. ಅದು ಒಂದು ಬದಿಗೆ ಉರುಳದೆ ಬಹುಮಟ್ಟಿಗೆ ನಿಂತಲ್ಲಿಯೇ ಕುಸಿದು, ಇಟ್ಟಿಗೆ ಮತ್ತು ಗಾರೆಯ ದೊಡ್ಡ ರಾಶಿಯಾಯಿತು. ಲೊಜೆತ್ತಾ ನುಚ್ಚುನೂರಾಯಿತು; ಎದುರಿನ ಮಾರ್ಚಿಯಾನಾ ಗ್ರಂಥಾಲಯದ ಒಂದು ಮೂಲೆ ಮುರಿಯಿತು. ಬೆಸಿಲಿಕಾಕ್ಕೆ ಗಂಭೀರ ಹಾನಿಯಾಗಲಿಲ್ಲ. ಗಂಟೆಗಳಲ್ಲಿ ನಾಲ್ಕು ಒಡೆದು, ಮರಂಗೋನಾ ಮಾತ್ರ ಉಳಿಯಿತು. ಚೌಕವನ್ನು ಮೊದಲೇ ತೆರವು ಮಾಡಿದ್ದರಿಂದ ಯಾರೂ ಸಾಯಲಿಲ್ಲ. ಕಾವಲುಗಾರನ ಬೆಕ್ಕೊಂದು ಮಾತ್ರ ಸತ್ತಿತೆಂದು ಹೇಳುತ್ತಾರೆ. ಗೋಪುರ ಬೀಳುತ್ತಿರುವ ಕ್ಷಣವನ್ನೇ ಸೆರೆಹಿಡಿದಂತೆ ತೋರುವ ಪ್ರಸಿದ್ಧ ಛಾಯಾಚಿತ್ರವು ಆ ಬಳಿಕ ಕೈಚಳಕದಿಂದ ತಯಾರಿಸಿದ ಜೋಡಣೆಯ ಚಿತ್ರ. ಅದನ್ನು ನೈಜ ದಾಖಲೆಯೆಂದು ಭಾವಿಸಬಾರದು.

ಗೋಡೆಯನ್ನು ಕೊರೆದದ್ದು ಕುಸಿತಕ್ಕೆ ನೆಪವಾಯಿತೇ ಹೊರತು ಅದೊಂದೇ ಕಾರಣವಲ್ಲ. ಶತಮಾನಗಳ ಸಿಡಿಲು, ಬೆಂಕಿ ಮತ್ತು ಭೂಕಂಪಗಳಿಂದ ಇಟ್ಟಿಗೆಯೂ ಗಾರೆಯೂ ಶಿಥಿಲವಾಗಿದ್ದವು. ಕಾಲಕಾಲಕ್ಕೆ ಮಾಡಿದ ತೇಪೆಯ ದುರಸ್ತಿಗಳು ಹೊರಮೈಯನ್ನು ಮುಚ್ಚಿದವೇ ವಿನಾ ಒಳಗಿನ ದೌರ್ಬಲ್ಯವನ್ನು ನೀಗಲಿಲ್ಲ. ಪ್ರಾಚೀನ ಅಡಿಪಾಯದ ಮೇಲೆ ಶತಮಾನದಿಂದ ಶತಮಾನಕ್ಕೆ ಭಾರ ಹೆಚ್ಚುತ್ತಾ ಹೋಗಿತ್ತು. ಆದರೆ ಅಡಿಯಲ್ಲಿ ಹೂತಿದ್ದ ಮರದ ಗೂಟಗಳು ಕೆಟ್ಟಿರಲಿಲ್ಲ. ಗಾಳಿಯಾಡದ ಒದ್ದೆ ಜೇಡಿಮಣ್ಣಿನಲ್ಲಿ ಮರವು ಬೇಗನೆ ಕೊಳೆಯುವುದಿಲ್ಲ. ವೆನಿಸ್ ನಗರ ಗೂಟಗಳ ಮೇಲೆ ನಿಂತಿರುವುದು ಇದೇ ಗುಣದಿಂದ.

ಪುನರ್ನಿರ್ಮಾಣ

ಕುಸಿದ ದಿನವೇ ಸಂಜೆ ಸಭೆ ಸೇರಿದ ನಗರಸಭೆಯು ಗೋಪುರವನ್ನು ಮತ್ತೆ ಕಟ್ಟಲು ತೀರ್ಮಾನಿಸಿ 5 ಲಕ್ಷ ಲೀರಾ ಹಣವನ್ನು ಮಂಜೂರು ಮಾಡಿತು. ಹೇಗೆ ಕಟ್ಟಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯಗಳಿದ್ದವು. ಗೋಪುರವಿಲ್ಲದೆಯೇ ಚೌಕವು ಹೆಚ್ಚು ಸುಂದರವೆಂದು ಕೆಲವರು ವಾದಿಸಿದರು. ಹಳೆಯದರ ನಕಲು ಇತಿಹಾಸಕ್ಕೆ ಬಗೆಯುವ ಅಪಚಾರ, 20ನೆಯ ಶತಮಾನವು ತನ್ನದೇ ಶೈಲಿಯಲ್ಲಿ ಕಟ್ಟಬೇಕು ಎಂಬ ಅಭಿಪ್ರಾಯವೂ ಇತ್ತು. ಆದರೆ ವೆನಿಸ್ಸಿನ ಜನರಿಗೆ ಗೋಪುರವು ಹಳೆಯ ಇಟ್ಟಿಗೆಗಳ ಮೊತ್ತವಾಗಿರಲಿಲ್ಲ. ದೂರದಿಂದ ಊರನ್ನು ಗುರುತಿಸುವ ಚಹರೆಯಾಗಿತ್ತು. 1903ರ ಏಪ್ರಿಲ್ 25ರಂದು, ಸಂತ ಮಾರ್ಕನ ಹಬ್ಬದ ದಿನ, ಶಂಕುಸ್ಥಾಪನೆ ನಡೆದಾಗ ಮೇಯರ್ ಫಿಲಿಪ್ಪೊ ಗ್ರಿಮಾನಿ ನುಡಿದ 'ಇದ್ದಲ್ಲಿಯೇ, ಇದ್ದಂತೆಯೇ' ಎಂಬ ಅರ್ಥದ ಮಾತು ಆ ಕಾರ್ಯದ ಘೋಷವಾಕ್ಯವಾಯಿತು.

'ಇದ್ದಂತೆಯೇ' ಎಂಬುದು ಹೊರರೂಪಕ್ಕೆ ಮಾತ್ರ ಅನ್ವಯಿಸುತ್ತದೆ. ಅಡಿಪಾಯವನ್ನು ಅಗಲಗೊಳಿಸಿ, 3,000ಕ್ಕೂ ಹೆಚ್ಚು ಹೊಸ ಗೂಟಗಳನ್ನು ನೆಲಕ್ಕೆ ಇಳಿಸಲಾಯಿತು. ಕಾಂಡಕ್ಕೆ ಸುಮಾರು 12 ಲಕ್ಷ ಇಟ್ಟಿಗೆಗಳನ್ನು ಹೊಸದಾಗಿ ಬಳಸಲಾಯಿತು. ಒಳರಚನೆಯಲ್ಲಿ ಉಕ್ಕಿನ ಸರಳುಗಳಿಂದ ಬಲಪಡಿಸಿದ ಕಾಂಕ್ರೀಟನ್ನು ಉಪಯೋಗಿಸಿ ಭಾರವನ್ನು ತಗ್ಗಿಸಲಾಯಿತು. ಲೊಜೆತ್ತಾವನ್ನು ಮಾತ್ರ ಅವಶೇಷಗಳಲ್ಲಿ ಆಯ್ದ ತುಣುಕುಗಳನ್ನು ತಾಳ್ಮೆಯಿಂದ ಜೋಡಿಸಿ ಮರಳಿ ನಿಲ್ಲಿಸಿದರು. ಹಾಗಾಗಿ ಗೋಪುರವು ನಕಲಾದರೆ ಅದರ ಬುಡದ ಮಂಟಪವು ಬಹುಪಾಲು ಮೂಲದ್ದೇ ಆಗಿದೆ. ಹಿಂದೆ ವೆನಿಸ್ಸಿನ ಧರ್ಮಾಧ್ಯಕ್ಷರಾಗಿದ್ದ ಪೋಪ್ ಹತ್ತನೆಯ ಪಿಯುಸ್ ಅವರ ಕೊಡುಗೆಯಿಂದ ಒಡೆದ ನಾಲ್ಕು ಗಂಟೆಗಳನ್ನು ಮರಳಿ ಎರಕ ಹೊಯ್ಯಲಾಯಿತು. 1912ರ ಏಪ್ರಿಲ್ 25ರಂದು ಐದೂ ಗಂಟೆಗಳು ಮತ್ತೆ ಮೊಳಗಿದವು.

ಹೊಸ ಗೋಪುರಕ್ಕೂ ಆರೈಕೆ ಬೇಕಾಯಿತು. ಅಡಿಪಾಯದಲ್ಲಿ ಕಂಡುಬಂದ ಬಿರುಕುಗಳ ಕಾರಣ 21ನೆಯ ಶತಮಾನದ ಆರಂಭದಲ್ಲಿ ನೆಲದಡಿಯಲ್ಲಿ ಅದರ ಸುತ್ತ ಟೈಟಾನಿಯಮ್ ಸರಳುಗಳ ಬಂಧವನ್ನು ಹಾಕಲಾಯಿತು. ಪ್ರವಾಸಿಗರಿಗೆ ಈಗ ಮೇಲೇರಲು ಲಿಫ್ಟ್ ಸೌಲಭ್ಯವಿದೆ.

ಪ್ರಭಾವ ಮತ್ತು ಹೋಲಿಕೆ

ಈ ಗೋಪುರದ ರೂಪವನ್ನು ಅನುಸರಿಸಿ ಹಲವು ಕಡೆ ಗೋಪುರಗಳು ಎದ್ದಿವೆ. ಸ್ಲೊವೇನಿಯಾದ ಪಿರಾನ್ ಪಟ್ಟಣದ ಗಂಟೆಗೋಪುರ, ನ್ಯೂಯಾರ್ಕಿನಲ್ಲಿ 1909ರಲ್ಲಿ ಪೂರ್ಣಗೊಂಡ ಮೆಟ್ರೊಪಾಲಿಟನ್ ಲೈಫ್ ಕಟ್ಟಡ ಮತ್ತು ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಸೇಥರ್ ಗೋಪುರ ಇವುಗಳಲ್ಲಿ ಮುಖ್ಯವಾದವು. 1996ರಲ್ಲಿ ವೆನಿಸ್ಸಿನ ಲಾ ಫೆನಿಚೆ ರಂಗಮಂದಿರ ಬೆಂಕಿಗೆ ಆಹುತಿಯಾದಾಗಲೂ ಗೋಪುರದ ಪುನರ್ನಿರ್ಮಾಣದ ಘೋಷವಾಕ್ಯವನ್ನೇ ಮತ್ತೆ ಎತ್ತಿಕೊಂಡು ಅದನ್ನು ಕಟ್ಟಲಾಯಿತು.

ಬಿದ್ದ ಗೋಪುರಗಳೆಲ್ಲವೂ ಮತ್ತೆ ಎದ್ದಿಲ್ಲ. ಭಾರತದಲ್ಲಿಯೇ ಹಳೆಯ ಗೋವಾದ ಸೆ ಕೆಥೆಡ್ರಲ್‌ನ ಮುಂಭಾಗದಲ್ಲಿದ್ದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು. ಅದನ್ನು ಮರಳಿ ಕಟ್ಟಲಿಲ್ಲ. ಉಳಿದ ಒಂದೇ ಗೋಪುರದೊಂದಿಗೆ ಆ ಕಟ್ಟಡ ಇಂದಿಗೂ ನಿಂತಿದೆ. ಇಟಲಿಯ ಪಾವಿಯಾ ನಗರದ ಹಳೆಯ ಗೋಪುರವು 1989ರ ಮಾರ್ಚ್ 17ರಂದು ಕುಸಿದು ನಾಲ್ವರು ಮೃತಪಟ್ಟರು. ಅಲ್ಲಿ ವೆನಿಸ್ಸಿನಂತೆ ಜನರನ್ನು ದೂರ ಸರಿಸಲು ಅವಕಾಶ ದೊರೆಯಲಿಲ್ಲ. ಈ ದುರಂತದ ಬಳಿಕ ಮುನ್ನೆಚ್ಚರಿಕೆಯಾಗಿ ಪೀಸಾದ ಗೋಪುರವನ್ನು 1990ರ ಜನವರಿಯಲ್ಲಿ ಮುಚ್ಚಿ, ಅದರ ವಾಲುವಿಕೆಯನ್ನು ತಗ್ಗಿಸಿ, 2001ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಲಾಯಿತು. ಸ್ವಂತ ಭಾರವನ್ನು ಶತಮಾನಗಳ ಕಾಲ ಹೊತ್ತ ಇಟ್ಟಿಗೆಯ ಗೋಡೆಯು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೊಳಗೇ ದಣಿಯುತ್ತದೆ ಎಂಬುದನ್ನು ಇಂಥ ಘಟನೆಗಳು ತೋರಿಸಿಕೊಟ್ಟವು. ಹಳೆಯ ಗೋಪುರಗಳ ಬಿರುಕುಗಳನ್ನು ನಿಯಮಿತವಾಗಿ ಅಳೆದು ದಾಖಲಿಸುವ ಕ್ರಮವು ಇಂದು ಸಂರಕ್ಷಣೆಯ ಅವಿಭಾಜ್ಯ ಅಂಗವಾಗಿದೆ.