ಹಾಸ್ಟೆಲ್ ಕೋಣೆಯ ಹಾವು, ಹಲ್ಲಿ, ಆಮೆ

ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ 1844ರಿಂದ 1848ರವರೆಗೆ ಓದಿದ ಫ್ರಾಂಕ್ ಬಕ್‌ಲ್ಯಾಂಡ್ ಎಂಬ ವಿದ್ಯಾರ್ಥಿಯ ಬಿಡಾರದಲ್ಲಿ ಏನೇನು ಪ್ರಾಣಿಗಳಿದ್ದವು ಎಂಬ ಪಟ್ಟಿ ಅವನ ಜೀವನಚರಿತ್ರೆಯಲ್ಲಿ ಸಿಗುತ್ತದೆ. ಒಂದು ಕರಡಿಮರಿ, ಒಂದು ಕೋತಿ, ಒಂದು ಹದ್ದು, ಒಂದು ನರಿ, ಜೊತೆಗೆ ಗಿನಿಹಂದಿ, ಅಳಿಲು. ಅವುಗಳ ಬೆನ್ನಿಗೆ ಒಂದು ವಿಷದ ಹಾವು, ಬೇರೆ ಹಲವು ಹಾವುಗಳು, ಆಮೆಗಳು, ಹಸಿರು ಕಪ್ಪೆಗಳು, ಒಂದು ಗೋಸುಂಬೆ.

ಈ ಪಟ್ಟಿ ಓದಿದವರೆಲ್ಲ ಕರಡಿಯ ಹತ್ತಿರ ನಿಂತುಬಿಡುತ್ತಾರೆ. ನಿಲ್ಲದೆ ಇರುವುದು ಕಷ್ಟವೇ. ಅದಕ್ಕೆ ಟಿಗ್ಲತ್ ಪಿಲೇಸರ್ ಎಂದು ಅಸ್ಸೀರಿಯಾದ ರಾಜನ ಹೆಸರಿಟ್ಟಿದ್ದರು. 1847ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ವಿಜ್ಞಾನಿಗಳು ಆಕ್ಸ್‌ಫರ್ಡಿನಲ್ಲಿ ಸಭೆ ಸೇರಿದಾಗ ವಿದ್ಯಾರ್ಥಿಯ ಟೋಪಿ, ನಿಲುವಂಗಿ ತೊಡಿಸಿ ಅದನ್ನೂ ಕರೆದೊಯ್ದರು. ಕೊನೆಗೆ ಡೀನ್ ಗೈಸ್‌ಫರ್ಡ್ ಬಕ್‌ಲ್ಯಾಂಡನನ್ನು ಕರೆಸಿ, ನೀನು ಇಲ್ಲವೇ ನಿನ್ನ ಕರಡಿ, ಇಬ್ಬರಲ್ಲಿ ಒಬ್ಬರು ಕಾಲೇಜು ಬಿಡಬೇಕು ಎಂದರಂತೆ. ಕರಡಿ ಹೊರಟಿತು. ಅದಕ್ಕೂ ನಲವತ್ತು ವರ್ಷ ಹಿಂದೆ, 1807ರಲ್ಲಿ, ಕೇಂಬ್ರಿಜ್‌ನ ಟ್ರಿನಿಟಿಯಲ್ಲಿ ಕವಿ ಬೈರನ್ ಕೂಡ ಕರಡಿ ಸಾಕಿದ್ದ. ಕಾಲೇಜಿನ ನಿಯಮ ನಾಯಿಯನ್ನು ನಿಷೇಧಿಸಿತ್ತು, ಕರಡಿಯ ಹೆಸರು ಅದರಲ್ಲಿರಲಿಲ್ಲ ಎಂಬ ಕತೆ ಈಗಲೂ ಓಡಾಡುತ್ತಿದೆ. ಇಂಥ ಕತೆಗಳ ಗದ್ದಲದಲ್ಲಿ ಹಾವು, ಆಮೆ, ಗೋಸುಂಬೆಗಳು ಸದ್ದಿಲ್ಲದೆ ಪಟ್ಟಿಯ ತುದಿಗೆ ಸರಿದುಬಿಡುತ್ತವೆ. ನನಗೆ ಬೇಕಾಗಿರುವುದು ಅವೇ.

ನಾನು ಸಂಶೋಧನೆ ಮಾಡುತ್ತಿರುವುದು ಹಳೆ ಮೈಸೂರಿನ ವಿದ್ಯಾರ್ಥಿನಿಲಯಗಳ ಬಗ್ಗೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದೊಂದು ಸಮುದಾಯ ತನ್ನ ಮಕ್ಕಳಿಗಾಗಿ ಕಟ್ಟಿಸಿದ ಹಾಸ್ಟೆಲುಗಳು, ಅಲ್ಲಿ ಯಾರು ಉಂಡರು, ಯಾರಿಗೆ ಪ್ರವೇಶವಿರಲಿಲ್ಲ ಎಂಬುದು ನನ್ನ ವಿಷಯ. ಈ ಕೆಲಸದಲ್ಲಿ ಬೇಗನೆ ಅಂಟಿಕೊಳ್ಳುವ ಒಂದು ಅಭ್ಯಾಸವಿದೆ: ನಿಯಮಾವಳಿಯನ್ನು ತಲೆಕೆಳಗಾಗಿ ಓದುವುದು. ಕೋಣೆಯಲ್ಲಿ ಸ್ಟವ್ ಹಚ್ಚಬಾರದು ಎಂದು ಬರೆದಿದ್ದರೆ ಯಾರೋ ಹಚ್ಚಿದ್ದಾರೆ ಎಂದೇ ಅರ್ಥ. ಬೇರೆ ದೇಶದ ಹಾಸ್ಟೆಲುಗಳ ನಿಯಮಗಳನ್ನು ಹೋಲಿಕೆಗೆಂದು ಓದುತ್ತಿದ್ದಾಗ ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದೇ ಬಗೆಯ ವಾಕ್ಯ ಮತ್ತೆ ಮತ್ತೆ ಎದುರಾಯಿತು. ಸಾಕುಪ್ರಾಣಿ ಕೂಡದು, ಹತ್ತು ಗ್ಯಾಲನ್ನಿಗಿಂತ ದೊಡ್ಡದಲ್ಲದ ಗಾಜಿನ ತೊಟ್ಟಿಯಲ್ಲಿ ಮೀನು ಇಟ್ಟುಕೊಳ್ಳಬಹುದು. ಅದರ ಬೆನ್ನಿಗೇ, ಹಾವು, ಹಲ್ಲಿ, ಆಮೆ ಇಡುವಂತಿಲ್ಲ. ಮೀನಿಗೆಂದು ಅನುಮತಿ ಕೊಟ್ಟ ತೊಟ್ಟಿಯಲ್ಲಿ ನೀರು ಚೆಲ್ಲಿ ಮರಳು ತುಂಬಿದವರು ಎಷ್ಟು ಜನವಿದ್ದಿರಬೇಕು!

ಬಕ್‌ಲ್ಯಾಂಡನ ಮನೆಯಲ್ಲಿ ಸರೀಸೃಪದ ಹುಚ್ಚು ಒಂದು ತಲೆಮಾರು ಹಳೆಯದು. ತಂದೆ ವಿಲಿಯಂ ಬಕ್‌ಲ್ಯಾಂಡ್ ಆಕ್ಸ್‌ಫರ್ಡಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಪಾದ್ರಿ. 1824ರಲ್ಲಿ ಅವನು ಮೆಗಲೊಸಾರಸ್ ಎಂದು ಹೆಸರಿಟ್ಟು ವರ್ಣಿಸಿದ ಮೂಳೆಗಳೇ ವಿಜ್ಞಾನ ದಾಖಲಿಸಿದ ಮೊದಲ ಡೈನೋಸಾರ್. ಆಗ ಡೈನೋಸಾರ್ ಎಂಬ ಪದವೇ ಹುಟ್ಟಿರಲಿಲ್ಲ. ಅವನಿಗೆ ಅದು ಬರೀ ಮಹಾಹಲ್ಲಿ. ಸ್ಕಾಟ್ಲೆಂಡಿನ ಮರಳುಗಲ್ಲಿನಲ್ಲಿ ಹಳೆಯ ಹೆಜ್ಜೆಗುರುತು ಸಿಕ್ಕಾಗ ಅದು ಯಾವ ಪ್ರಾಣಿಯದೆಂದು ತಿಳಿಯಲು ಅವನು ಅಡುಗೆಮನೆಯಲ್ಲಿ ಹಿಟ್ಟು ನಾದಿಸಿ, ಲಟ್ಟಿಸಿ, ಅದರ ಮೇಲೆ ಆಮೆಯನ್ನು ನಡೆಸಿ ನೋಡಿದ. ಇಂಥ ಮನೆಯಲ್ಲಿ ಬೆಳೆದ ಫ್ರಾಂಕ್ ನಾಲ್ಕು ವರ್ಷದವನಿದ್ದಾಗ, ದೂರದಿಂದ ಬಂದ ಪಾದ್ರಿಯೊಬ್ಬರು ಗುರುತು ಸಿಗದ ಮೂಳೆಗಳನ್ನು ಮೇಜಿನ ಮೇಲಿಟ್ಟರೆ, ಇದು ಇಕ್ತಿಯೊಸಾರಸ್‌ನ ಬೆನ್ನುಮೂಳೆ ಎಂದು ತೊದಲಿದನಂತೆ.

ಫ್ರಾಂಕ್ ತಾನೇ ಬರೆದುಕೊಂಡ ಇನ್ನೊಂದು ನೆನಪು ನನಗೆ ಹೆಚ್ಚು ಮುಖ್ಯ. 1834ರಲ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ ಆಕ್ಸ್‌ಫರ್ಡಿನ ಕುಲಾಧಿಪತಿಯಾದಾಗ ಔತಣದ ಅಡುಗೆಗೆಂದು ಲಂಡನ್ನಿನಿಂದ ಜೀವಂತ ಕಡಲಾಮೆಯೊಂದನ್ನು ತರಿಸಿದರು. (ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್.) ಅಪ್ಪ ಅದರ ರೆಕ್ಕೆಗಾಲಿಗೆ ಹಗ್ಗ ಕಟ್ಟಿ ಕಾಲೇಜಿನ ನಡುವಿನ ಕೊಳದಲ್ಲಿ ಈಜಲು ಬಿಟ್ಟ. ಏಳು ವರ್ಷದ ಮಗನನ್ನು ಅದರ ಬೆನ್ನ ಮೇಲೆ ನಿಲ್ಲಿಸಿ, ಬೀಳದಂತೆ ಹಿಡಿದುಕೊಂಡು ಸವಾರಿ ಮಾಡಿಸಿದ. ಆಮೇಲೆ ಅಡುಗೆಮನೆಯಲ್ಲಿ ಅದರ ತಲೆ ಕತ್ತರಿಸುವುದನ್ನೂ ಹುಡುಗ ನೋಡಿದ. ಕತ್ತರಿಸಿದ ತಲೆ ಅಡುಗೆಯ ಹುಡುಗನೊಬ್ಬನ ಬೆರಳನ್ನು ಕಚ್ಚಿತು. ಕುತೂಹಲ, ಮುದ್ದು, ಊಟ ಮೂರೂ ಒಂದೇ ಪ್ರಾಣಿಯ ಮೇಲೆ, ಒಬ್ಬರಿಗೂ ಮುಜುಗರವಿಲ್ಲದೆ! ಮುಂದೆ ಇದೇ ಫ್ರಾಂಕ್ ನಾಗರಹಾವು ಕೊಂದ ಇಲಿಯ ಚರ್ಮ ಬಿಡಿಸಿ ನೋಡಲು ಹೋಗಿ, ಉಗುರಿನ ಸಂದಿಯ ಸಣ್ಣ ಗಾಯದಿಂದ ವಿಷ ಏರಿ ಬೀದಿಯಲ್ಲಿ ತೂರಾಡುತ್ತಾ ಔಷಧಿ ಅಂಗಡಿ ಸೇರಿದ. ಬದುಕಿಕೊಂಡ, ಅದನ್ನೂ ಬರೆದ.

ಬಕ್‌ಲ್ಯಾಂಡನಿಗೆ ಹಾವು ಸಾಕಲು ಕೆಲಸದವರಿದ್ದರು, ಕಾಲೇಜಿನೊಳಗೆ ತನ್ನದೇ ಅಂಗಳವಿತ್ತು, ಊರಲ್ಲಿ ಅಪ್ಪನ ಮನೆಯಿತ್ತು. ಕರಡಿ ಕಾಲೇಜು ಬಿಟ್ಟು ಹೋದದ್ದೂ ಇಸ್ಲಿಪ್ ಹಳ್ಳಿಯಲ್ಲಿ ಅಪ್ಪನಿಗಿದ್ದ ಮನೆಗೇ. ಇಪ್ಪತ್ತನೆಯ ಶತಮಾನದ ವಿದ್ಯಾರ್ಥಿಗೆ ಇರುವುದು ಎರಡು ಮಂಚದ ಒಂದು ಕೋಣೆ. ಅಲ್ಲಿಗೆ ಸರೀಸೃಪ ಬಂದದ್ದು ಶ್ರೀಮಂತರ ಹವ್ಯಾಸವಾಗಿ ಅಲ್ಲ, ಅಗ್ಗದ ಸರಕಾಗಿ.

ಆ ಸರಕು ಕೆಂಪು ಕಿವಿಯ ಆಮೆ. ಲೂಸಿಯಾನಾದ ಕೊಳಗಳಲ್ಲಿ ಸಾಕಿ, ಮರಿಗಳನ್ನು ಅಮೆರಿಕದ ಊರೂರಿನ ಚಿಲ್ಲರೆ ಅಂಗಡಿಗಳಿಗೆ ಕಳಿಸುತ್ತಿದ್ದರು. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಮರಿ, ಪ್ಲಾಸ್ಟಿಕ್ ತಾಳೆಮರ ನೆಟ್ಟ ಒಂದು ಬಟ್ಟಲು. ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ವಾರ್ಡನ್ ಬಂದರೆ ಬಟ್ಟಲನ್ನು ಬೀರುವಿನೊಳಗೆ ತಳ್ಳಿದರಾಯಿತು. ಆದರೆ ಆಮೆಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತದೆ. ಆಮೆಗೆ ಅದರಿಂದ ಏನೂ ಆಗುವುದಿಲ್ಲ. ಬಟ್ಟಲಿನ ನೀರು ಚೆಲ್ಲಿದ ಸಿಂಕಿನಲ್ಲೇ ತಟ್ಟೆ ತೊಳೆದವರಿಗೆ, ಮುಖ್ಯವಾಗಿ ಮರಿಯನ್ನು ಬಾಯಿಗಿಟ್ಟುಕೊಂಡ ಚಿಕ್ಕಮಕ್ಕಳಿಗೆ, ವಾಂತಿ ಭೇದಿ. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 2,80,000 ಪ್ರಕರಣಗಳಿಗೆ ಆಮೆಯೇ ಕಾರಣ ಎಂದು ಅಮೆರಿಕದ ಆರೋಗ್ಯ ಇಲಾಖೆಯವರು ಅಂದಾಜು ಮಾಡಿದರು. ರೋಗವಿಲ್ಲ ಎಂಬ ಪ್ರಮಾಣಪತ್ರದೊಂದಿಗೆ ಮಾರಿ ಎಂದು 1972ರಲ್ಲಿ ಹೇಳಿದ್ದು ಫಲ ಕೊಡಲಿಲ್ಲ. 1975ರಲ್ಲಿ ಚಿಪ್ಪು ನಾಲ್ಕು ಇಂಚಿಗಿಂತ ಕಡಿಮೆ ಇರುವ ಆಮೆಗಳ ಮಾರಾಟವನ್ನೇ ನಿಲ್ಲಿಸಿದರು. ನಾಲ್ಕು ಇಂಚಿನ ಆಮೆ ಮಗುವಿನ ಬಾಯಿಗೆ ಹಿಡಿಯುವುದಿಲ್ಲ ಎಂಬುದೇ ಲೆಕ್ಕ. ನಿಯಮದಲ್ಲಿ ಒಂದು ಕಿಂಡಿಯೂ ಇತ್ತು: ವಿಜ್ಞಾನ, ಶಿಕ್ಷಣ, ಪ್ರದರ್ಶನಕ್ಕಾಗಿ, ಸಾಕುವುದಕ್ಕಲ್ಲದೆ, ಬೇಕಿದ್ದರೆ ಮಾರಬಹುದು. ತರಗತಿಯಲ್ಲಿ ಆಮೆ ಶಿಕ್ಷಣ, ಮೆಟ್ಟಿಲು ಹತ್ತಿ ಕೋಣೆಗೆ ಬಂದರೆ ಅಪರಾಧ.

ಆಮೆ ಹೋದಮೇಲೆ ಹಲ್ಲಿ, ಹೆಬ್ಬಾವುಗಳ ಸರದಿ. ಹೆಬ್ಬಾವು ಎಂದರೆ ನಮ್ಮ ಕಾಡಿನದಲ್ಲ, ಘಾನಾ, ಟೋಗೊ, ಬೆನಿನ್ ಕಡೆಯ ಬಾಲ್ ಪೈಥಾನ್. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಮಂಚದ ಕೆಳಗಿನ ಡಬ್ಬಿಯಲ್ಲಿ ಹಿಡಿಸುತ್ತದೆ. ಹಲ್ಲಿ ಎಂದರೆ ಲೆಪರ್ಡ್ ಗೆಕ್ಕೊ. ಅಮೆರಿಕದ ಹಾಸ್ಟೆಲುಗಳಲ್ಲಿ ಕದ್ದು ಸಾಕುವವರ ಅಚ್ಚುಮೆಚ್ಚಿನ ಈ ಹಲ್ಲಿಗೆ ವೈಜ್ಞಾನಿಕ ಹೆಸರು ಬಿದ್ದದ್ದು ಕಲ್ಕತ್ತೆಯಲ್ಲಿ. ಅಲ್ಲಿನ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲಿತ್, ಪಂಜಾಬಿನ ಉಪ್ಪುಬೆಟ್ಟಗಳಿಂದ ಬಂದ ಮಾದರಿಯನ್ನು ನೋಡಿ 1854ರಲ್ಲಿ ಅದನ್ನು ವರ್ಣಿಸಿದ. ನಮ್ಮ ಗೋಡೆಯ ಹಲ್ಲಿಗಿಲ್ಲದ ಕಣ್ಣುರೆಪ್ಪೆ ಅದಕ್ಕಿದೆ, ಗೋಡೆ ಹತ್ತುವ ಅಂಗಾಲು ಇಲ್ಲ. ಹಾಗಾಗಿ ಗಾಜಿನ ತೊಟ್ಟಿ ಹತ್ತಿ ಓಡಿಹೋಗದು.

ನನ್ನ ಗೆಳತಿಯೊಬ್ಬಳು ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಾ ಇಂಥದ್ದೊಂದನ್ನು ಸಾಕಿದ್ದಾಳೆ. ಮೊದಲ ಚಳಿಗಾಲದಲ್ಲಿ, ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಿನಲ್ಲಿ, ಮಾತಾಡಿಸುವವರಿಲ್ಲದೆ ತಂದುಕೊಂಡದ್ದು. ವಿಡಿಯೊ ಕರೆಯಲ್ಲಿ ಅಮ್ಮನಿಗೆ ತೋರಿಸಿದಾಗ ಮಂಡ್ಯದಿಂದ ಬಂದ ಪ್ರತಿಕ್ರಿಯೆ ಹೀಗಿತ್ತು: “ಅಯ್ಯೋ ನಿನ್ನ, ದುಡ್ಡು ಕೊಟ್ಟು ಹಲ್ಲಿ ತಂದ್ಯೇನೆ? ಇಲ್ಲಿ ಪೊರಕೇಲಿ ಓಡ್ಸಿ ಸಾಕಾಗಿದೆ.” ಆಮೇಲೆ ಪಂಚಾಂಗ ತೆಗೆದು, ಭುಜದ ಮೇಲೆ ಕೂರಿಸಿಕೊಂಡದ್ದಕ್ಕೆ ಹಲ್ಲಿ ಬಿದ್ದ ಫಲ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನೋಡಿದರಂತೆ. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ ಎಂದು ನಂಬುವ ಮನೆಗಳಲ್ಲಿ ಬೆಳೆದವರು ನಾವು. ನಮ್ಮಲ್ಲಿ ಅದನ್ನು ಸಾಕುವುದಿಲ್ಲ, ಹಾಗೆಂದು ಅದಿಲ್ಲದ ಮನೆಯೂ ಇಲ್ಲ. ನನ್ನ ಹಾಸ್ಟೆಲ್ ಕೋಣೆಯ ಟ್ಯೂಬ್‌ಲೈಟಿನ ಹಿಂದೆ ಎರಡಿವೆ. ಅವುಗಳಿಗೆ ವಾರ್ಡನ್ನರ ಅನುಮತಿ ಬೇಕಾಗಿಲ್ಲ.

ಗೆಳತಿಗೆ ಬೇಕಿತ್ತು. ಅಮೆರಿಕದ ಕಾನೂನು ಇಲ್ಲಿ ಸ್ವಾರಸ್ಯಕರ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕರ್ನಿ ಶಾಖೆಯ ವಿದ್ಯಾರ್ಥಿನಿಯೊಬ್ಬಳಿಗೆ ಆತಂಕದ ಕಾಯಿಲೆಗೆ ಆಸರೆಯಾಗಿದ್ದ ಪುಟ್ಟ ನಾಯಿಯನ್ನು ಇಟ್ಟುಕೊಳ್ಳಲು ಬಿಡಲಿಲ್ಲ. ವಿದ್ಯಾರ್ಥಿಗಳ ವಸತಿಯೂ ಮನೆಯೇ, ವಸತಿಯಲ್ಲಿ ತಾರತಮ್ಯ ತಡೆಯುವ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು 2013ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಹಾಸ್ಟೆಲ್ ಮನೆಯೋ ಅಲ್ಲವೋ ಎಂಬ ಪ್ರಶ್ನೆ ನನ್ನ ಪ್ರಬಂಧದ ಪ್ರತಿ ಅಧ್ಯಾಯದಲ್ಲೂ ಎದುರಾಗುತ್ತದೆ. ಅದಕ್ಕೆ ಉತ್ತರ ಕೊಡಿಸಿದ್ದು ಒಂದು ನಾಯಿ. ಆ ತೀರ್ಪಿನ ನಂತರ ಅರ್ಜಿಗಳು ಬೇರೆ ಪ್ರಾಣಿಗಳಿಗೂ ಬಂದವು. 2020ರಲ್ಲಿ ಅಲ್ಲಿನ ವಸತಿ ಇಲಾಖೆ ಹೊರಡಿಸಿದ ಮಾರ್ಗಸೂಚಿ ಮನೆಯಲ್ಲಿ ಸಾಮಾನ್ಯವಾಗಿ ಸಾಕುವ ಪ್ರಾಣಿಗಳ ಸಾಲಿನಲ್ಲಿ ನಾಯಿ, ಬೆಕ್ಕು, ಮೊಲ, ಮೀನುಗಳ ಜೊತೆ ಆಮೆಯನ್ನು ಸೇರಿಸಿತು. ಉಳಿದ ಸರೀಸೃಪಗಳನ್ನು ಕೋತಿ, ಕಾಂಗರೂಗಳ ಜೊತೆ ಹೊರಗಿಟ್ಟಿತು. 1970ರ ದಶಕದ ಆರಂಭದಲ್ಲಿ ಲಕ್ಷಾಂತರ ಜನರನ್ನು ಮಲಗಿಸಿದ್ದ ಆಮೆ ಮನೆಯ ಪ್ರಾಣಿ, ಹಲ್ಲಿ ಮಾತ್ರ ವಿಚಿತ್ರ. ಒಂಟಿತನಕ್ಕೆ ಯಾವ ಪ್ರಾಣಿ ಮದ್ದು ಎಂಬುದನ್ನು ಹೀಗೆ ಚರ್ಮ ನೋಡಿ ತೀರ್ಮಾನಿಸುವುದು ನನಗೆ ಸರಿಕಾಣುವುದಿಲ್ಲ.

ಆದರೆ ಹಲ್ಲಿಯ ಕಡೆಯಿಂದಲೂ ನೋಡಬೇಕು. ಅದರ ರಕ್ತ ತಾನಾಗಿ ಬಿಸಿಯಾಗದು. ಒಂದು ಮೂಲೆಯಲ್ಲಿ ಬಿಸಿ, ಇನ್ನೊಂದರಲ್ಲಿ ತಂಪು ಇರದಿದ್ದರೆ ತಿಂದದ್ದು ಅರಗುವುದಿಲ್ಲ. ಬಿಸಿಗೆ ದೀಪ ಬೇಕು. ಬೆಂಕಿಯ ಭಯದಿಂದ ಅಂಥ ದೀಪಗಳನ್ನು ಅನೇಕ ಹಾಸ್ಟೆಲುಗಳು ನಿಷೇಧಿಸಿವೆ. ಊಟಕ್ಕೆ ಜೀವಂತ ಹುಳು, ಹಾವಾದರೆ ಹೆಪ್ಪುಗಟ್ಟಿಸಿದ ಇಲಿ, ಅದೂ ನಾಲ್ಕು ಜನರ ಫ್ರಿಜ್ಜಿನಲ್ಲಿ. ಇವೆಲ್ಲ ಹೇಗೋ ಸಂಭಾಳಿಸಬಹುದು. ಸಂಭಾಳಿಸಲಾಗದ್ದು ಆಯುಸ್ಸು. ಪದವಿಗೆ ನಾಲ್ಕು ವರ್ಷ. ಲೆಪರ್ಡ್ ಗೆಕ್ಕೊ ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ಬಾಲ್ ಪೈಥಾನ್ ಮೂವತ್ತು. ನಾಣ್ಯದಷ್ಟಿದ್ದ ಕೆಂಪು ಕಿವಿಯ ಆಮೆ ಊಟದ ತಟ್ಟೆಯಷ್ಟಾಗಿ, ಸಾಕಿದವನ ಮಕ್ಕಳು ಕಾಲೇಜಿಗೆ ಹೋಗುವ ತನಕ ಇರಬಲ್ಲದು. ಹಾಗಾಗಿಯೇ ಜಗತ್ತಿನ ಎಷ್ಟೋ ಊರುಗಳ ಕೆರೆಗಳಲ್ಲಿ ಈಗ ಈ ಅಮೆರಿಕದ ಆಮೆಯಿದೆ. ಬೆಂಗಳೂರಿನ ಅಂಗಡಿಗಳೂ ಅದನ್ನು ಮಾರಿವೆ, ಕೊಂಡವರು ಕೆರೆಗೆ ಬಿಟ್ಟಿದ್ದಾರೆ.

ನಮ್ಮಿಂದ ಹೊರಗೆ ಹೋಗುವುದು ನಕ್ಷತ್ರ ಆಮೆ. ಕರ್ನಾಟಕ, ಆಂಧ್ರದ ಗಡಿಯ ಕುರುಚಲು ಕಾಡುಗಳಲ್ಲಿ ಹಿಡಿದು ಆಗ್ನೇಯ ಏಷ್ಯಾಕ್ಕೆ ಸಾಗಿಸುವ ಜಾಲವಿದೆ. 2015ರ ಅಧ್ಯಯನವೊಂದು ಒಂದೇ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ಆಮೆಗಳು ಹೋಗುತ್ತಿವೆ ಎಂದು ಲೆಕ್ಕ ಹಾಕಿತು. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಅದು ಸೇರಿತು. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯಡಿ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ಲಕ್ಷ್ಮಿ ಬರುತ್ತಾಳೆಂದು ಇಟ್ಟುಕೊಳ್ಳುವವರಿಗೆ ಇದು ಗೊತ್ತಿಲ್ಲದೆ ಏನಿಲ್ಲ.

ಆಯುಸ್ಸಿನ ಲೆಕ್ಕಕ್ಕೆ ಆಕ್ಸ್‌ಫರ್ಡ್ ಒಂದು ಉಪಾಯ ಕಂಡುಕೊಂಡಿತ್ತು: ಪ್ರಾಣಿಯನ್ನು ಯಾವ ಒಬ್ಬ ವಿದ್ಯಾರ್ಥಿಯದೂ ಅಲ್ಲವೆಂದು ಕಾಲೇಜಿನದಾಗಿಸುವುದು. ಬೇಲಿಯಲ್ ಕಾಲೇಜಿನಲ್ಲಿ ರೋಸಾ ಲಕ್ಸೆಂಬರ್ಗಳ ಹೆಸರಿನ ಆಮೆಯೊಂದಿತ್ತು. ಅದನ್ನು ನೋಡಿಕೊಳ್ಳುವ ವಿದ್ಯಾರ್ಥಿಗೆ ‘ಕಾಮ್ರೇಡ್ ಟಾರ್ಟಸ್’ ಎಂಬ ಹುದ್ದೆ. ನಾಲ್ಕು ದಶಕ ಕಾಲ ವಿದ್ಯಾರ್ಥಿಗಳು ಬಂದರು, ಹೋದರು, ರೋಸಾ ಹುಲ್ಲು ಮೇಯುತ್ತಾ ಇತ್ತು. ಬೇಸಿಗೆಯಲ್ಲಿ ಕಾಲೇಜುಗಳ ಆಮೆಗಳ ನಡುವೆ ಓಟದ ಪಂದ್ಯವೂ ನಡೆಯುತ್ತದೆ. 2004ರಲ್ಲಿ ರೋಸಾ ಕಾಣೆಯಾಯಿತು. ಮತ್ತೆ ಸಿಗಲೇ ಇಲ್ಲ.

ಗೆಳತಿಯ ಪ್ರಬಂಧ ಈ ವರ್ಷ ಮುಗಿಯುತ್ತದೆ. ಹಲ್ಲಿಗೆ ಐದು ತುಂಬಿದೆ. ಊರಿಗೆ ಬರುವಾಗ ಜೊತೆಗೆ ತರಲು ದಾರಿಯಿಲ್ಲ, ಅಲ್ಲಿಯೇ ಕೆಲಸ ಸಿಕ್ಕೀತೆಂಬ ಭರವಸೆಯೂ ಇಲ್ಲ. ವಿಭಾಗಕ್ಕೆ ಹೊಸದಾಗಿ ಸೇರಿರುವ ನಾಲ್ಕು ಮಂದಿಯಲ್ಲಿ ಒಬ್ಬ ಹುಡುಗ ವಾರಕ್ಕೆರಡು ಸಲ ಬಂದು ಹುಳು ತಿನ್ನಿಸಲು ಕಲಿಯುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ ಅವಳು, ಅವನಿಗಾಗಿ ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ, ತಾಪಮಾನ ಫ್ಯಾರನ್‌ಹೀಟಿನಲ್ಲಿ ಬರೆಯಲೋ ಸೆಲ್ಸಿಯಸ್‌ನಲ್ಲೋ ಎಂದು ಕೇಳಿದಳು. ಎರಡರಲ್ಲೂ ಬರೆ ಎಂದೆ.