ಟಿಪ್ಪುವಿನ ತೊಲೆ, ಕೇರಿಯ ಹಳೇ ಬೆಂಚು



ಹಳೇ ಮರ ತಂದು ಉಜ್ಜಿ, ಬಣ್ಣ ಬಳಿದು ಬಳಸೋದಕ್ಕೆ ಮೂಗು ಮುರಿಯೋರಿಗೆ ಸ್ವಲ್ಪ ಚರಿತ್ರೆ ಹೇಳ್ತೀನಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಚಿನ್ನದ ತಗಡು ಹೊದಿಸಿದ್ದ ಟಿಪ್ಪುವಿನ ಸಿಂಹಾಸನವನ್ನು ಬ್ರಿಟಿಷರು ಒಡೆದು ಹಂಚಿಕೊಂಡರು. ಅದರ ಹುಲಿತಲೆ ಇವತ್ತಿಗೂ ಇಂಗ್ಲೆಂಡಿನ ರಾಜಮನೆತನದ ಹತ್ರ ಇದೆ. ಕೆಡವಿದ ಟಿಪ್ಪುವಿನ ಅರಮನೆಯ ತೊಲೆಗಳು ಊಟಿಗೆ ಹೋದವು. 1829ರಲ್ಲಿ ಮದ್ರಾಸ್ ಗವರ್ನರ್ ಲಷಿಂಗ್ಟನ್ ಅಡಿಗಲ್ಲು ಹಾಕಿದ ಸೇಂಟ್ ಸ್ಟೀಫನ್ ಚರ್ಚಿನ ಸೂರು ಹೊತ್ತಿರೋದು ಆ ಮರವೇ. ಗವರ್ನರ್ ಹೆಸರು ಪುಸ್ತಕದಲ್ಲಿದೆ. ಅಷ್ಟು ಭಾರ ನೀಲಗಿರಿ ಹತ್ತಿಸಿದ ಹೆಗಲುಗಳು ಯಾವ ಕೇರಿಯವು?

1784ರ ದರಿಯಾ ದೌಲತ್ ಗೋಡೆಯ ಮಾಸಿದ ಚಿತ್ರಗಳಿಗೂ 1850ರ ದಶಕದಲ್ಲಿ ಡಾಲ್‌ಹೌಸಿ ಮತ್ತೆ ಬಣ್ಣ ಹಾಕಿಸಿದ. ದೊಡ್ಡವರು ಮಾಡಿದ್ರೆ ಪರಂಪರೆ, ನಾವು ಮಾಡಿದ್ರೆ ಗುಜರಿ!

ನಮಗೆ ಬೆಂಚು ಅಂದ್ರೆ ಬರೀ ಮರವಲ್ಲ. ಬಾಲಕ ಭೀಮರಾವ್ ಸತಾರದ ಶಾಲೆಯಲ್ಲಿ ಕೂತಿದ್ದು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಶಾಲೆಯ ಜವಾನ ಅದನ್ನು ಮುಟ್ಟುತ್ತಿರಲಿಲ್ಲ, ಸಂಜೆ ತಾನೇ ಹೊತ್ತುಕೊಂಡು ಹೋಗಬೇಕಿತ್ತು. ಪಾಂಡವಪುರ, ನಾಗಮಂಗಲದ ಹಳ್ಳಿಗಳಲ್ಲಿ ಜಗಲಿ ಯಾರಿಗೆ, ನೆಲ ಯಾರಿಗೆ ಅಂತ ನಿಮ್ಮ ಅಜ್ಜಂದಿರನ್ನೇ ಕೇಳಿ.

ಅದಕ್ಕೇ ಕೆ.ಆರ್.ಪೇಟೆ ಗುಜರಿಯಲ್ಲಿ ಕಾಲು ಅಲ್ಲಾಡೋ ಬೆಂಚು ಸಿಕ್ಕಿದ್ರೆ ಬಿಡಬೇಡಿ. ಸುಮ್ಮನೆ ಮೊಳೆ ಹೊಡೀಬೇಡಿ, ಮರ ಸೀಳುತ್ತೆ. ಕೂಡಿಕೆ ಬಿಚ್ಚಿ, ಹಳೇ ಅಂಟು ಕೆರೆದು, ಹೊಸ ಅಂಟು ಹಾಕಿ, ರಾತ್ರಿಯೆಲ್ಲಾ ಹಗ್ಗದಿಂದ ಬಿಗಿದಿಡಿ. ಹುಳ ತಿಂದ ಹಲಗೆ ಮಾತ್ರ ಬದಲಿಸಿ. ಉಜ್ಜಿ, ಪ್ರೈಮರ್ ಹಾಕಿ, ನೀಲಿ ಬಣ್ಣ ತೆಳ್ಳಗೆ ಎರಡು ಸಲ ಬಳಿಯಿರಿ. ಒಣಗಿದ ಮೇಲೆ ಕೇರಿಯ ಮಕ್ಕಳು ಓದೋ ಜಾಗಕ್ಕೆ ಹೊತ್ತುಕೊಂಡು ಹೋಗಿ.